ಕಸ ತೊಳೆದು ಹಾಕುವ ಊರಿನಿಂದ

"ಕಸ ತೊಳೀತೀಯಾ? ಪಾತ್ರೆ ತೊಳ್ದಂಗೆ?"

ಫೋನಿನಲ್ಲಿ ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ಹೌದಮ್ಮ, ತೊಳೀತೀನಿ ಅಂದೆ.

ಜಪಾನಿನ ಯೊಕೊಹಾಮಕ್ಕೆ ಬಂದು ಹತ್ತು ತಿಂಗಳಾಯಿತು. ಮೊಸರಿನ ಡಬ್ಬಿ, ತೋಫು ಬರುವ ಪೆಟ್ಟಿಗೆ, ಬೇಳೆ ಪ್ಯಾಕೆಟ್ಟು ಎಲ್ಲವನ್ನೂ ನೀರಿನಲ್ಲಿ ಜಾಲಿಸಿ ಸಿಂಕಿನ ಪಕ್ಕ ಬೋರಲು ಹಾಕುತ್ತೇನೆ. ಒಣಗಿದ ಮೇಲೆ ಅವು ಪ್ಲಾಸ್ಟಿಕ್ ಚೀಲಕ್ಕೆ ಹೋಗುತ್ತವೆ. ನೀರಿನ ಬಾಟಲಿಯ ಮುಚ್ಚಳ, ಅದಕ್ಕೆ ಸುತ್ತಿದ ಲೇಬಲ್ ಕೂಡ ಅದೇ ಚೀಲಕ್ಕೆ. ಬಾಟಲಿ ಮಾತ್ರ ಗಾಜಿನ ಸೀಸೆ, ತಗಡಿನ ಡಬ್ಬಿಗಳ ಜೊತೆ ಬೇರೆ ಚೀಲಕ್ಕೆ. ಹಾಲಿನ ರಟ್ಟಿನ ಡಬ್ಬಿಯನ್ನು ತೊಳೆದು, ಕತ್ತರಿಸಿ, ಅಗಲ ಮಾಡಿ, ಒಣಗಿಸಿ, ಕಟ್ಟು ಕಟ್ಟಿ ಇಡಬೇಕು. ಸುಡುವ ಕಸಕ್ಕೆ ವಾರದಲ್ಲಿ ಎರಡು ದಿನ, ಪ್ಲಾಸ್ಟಿಕ್ಕಿಗೆ ಒಂದು ದಿನ. ಬೆಳಿಗ್ಗೆ ಎಂಟರೊಳಗೆ ಬೀದಿಯ ಗೊತ್ತಾದ ಜಾಗದಲ್ಲಿ ಇಟ್ಟು, ಮೇಲೆ ಬಲೆ ಹೊದಿಸಬೇಕು. ಇಲ್ಲದಿದ್ದರೆ ಕಾಗೆಗಳು ಬಿಡಲ್ಲ. ಇಲ್ಲಿನ ಕಾಗೆ ನಮ್ಮೂರಿನದಕ್ಕಿಂತ ದೊಡ್ಡದು.

ಮೊದಲ ತಿಂಗಳು ನಮ್ಮ ಚೀಲ ಅಲ್ಲೇ ಉಳಿದುಬಿಟ್ಟಿತ್ತು. ಸಂಜೆ ನೋಡಿದರೆ ಬೀದಿಯವರದ್ದೆಲ್ಲ ಹೋಗಿದೆ, ಬಲೆಯ ಕೆಳಗೆ ನಮ್ಮದೊಂದೇ. ಅದರ ಮೇಲೆ ಒಂದು ಸ್ಟಿಕ್ಕರ್. ನನಗೆ ಓದಲು ಬರುತ್ತಿರಲಿಲ್ಲ. ಸುಮ್ನೆ ನಿಂತಿದ್ದೆ. ಪಕ್ಕದ ಮನೆಯ ಅಜ್ಜಿ "ಒಕುಸಾನ್", ಅಂದರೆ ಅಮ್ಮಾವ್ರೇ, ಅಂತ ಕರೆದು ಹತ್ತಿರ ಬಂದರು. ಚೀಲದ ಹೊರಗಿಂದಲೇ ಬೆರಳಿಟ್ಟು ತೋರಿಸಿದರು. ಇಲ್ಲಿ ಒಳಗಿರುವುದು ಹೊರಗೆ ಕಾಣುವಂಥ ಚೀಲವನ್ನೇ ಬಳಸಬೇಕು. ಅನ್ನ, ತರಕಾರಿ ಸಿಪ್ಪೆಯ ನಡುವೆ ಉಪ್ಪಿನಕಾಯಿ ಸೀಸೆ, ಎಣ್ಣೆ ಸಮೇತ. ಅವರು ಬೈಯಲಿಲ್ಲ. ಮನೆಗೆ ಹೋಗಿ ತಮ್ಮ ಕ್ಯಾಲೆಂಡರ್ ತಂದರು. ಯಾವ ವಾರ ಯಾವ ಕಸ ಅಂತ ಬಣ್ಣದ ಪೆನ್ಸಿಲಿನಲ್ಲಿ ಸುತ್ತು ಹಾಕಿಟ್ಟಿದ್ದರು. ನಾನು ಅದರ ಫೋಟೋ ತೆಗೆದುಕೊಂಡೆ. ಈಗಲೂ ಫ್ರಿಜ್ ಮೇಲೆ ಅದರ ಪ್ರಿಂಟ್ ಇದೆ.

ನಮ್ಮ ಅಡುಗೆಮನೆಗೆ ಇದೆಲ್ಲ ಒಗ್ಗಲು ಸ್ವಲ್ಪ ಕಾಲ ಬೇಕಾಯಿತು. ಬಜ್ಜಿ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯುವಂತಿಲ್ಲ. ಹಳೇ ಪೇಪರಿಗೆ ಹೀರಿಸಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಪುಡಿ ಬೆರೆಸಿ ಗಟ್ಟಿ ಮಾಡಿ ಸುಡುವ ಕಸಕ್ಕೆ ಹಾಕಬೇಕು. ಹುಣಸೆಹಿಪ್ಪೆ, ಕಾಫಿ ಚರಟ, ಸೊಪ್ಪಿನ ದಂಟು ಇವನ್ನೆಲ್ಲ ಚೆನ್ನಾಗಿ ಹಿಂಡಿ ನೀರು ತೆಗೆಯಬೇಕು. ಒದ್ದೆ ಕಸ ಸುಡಲು ಉರಿ ಜಾಸ್ತಿ ಬೇಕು, ಅದಕ್ಕೆ. ಕೋಟಿಂಗ್ ಕಿತ್ತುಹೋದ ದೋಸೆ ಕಾವಲಿ ಎಸೆಯೋಣ ಅಂತ ಅಳತೆ ಟೇಪು ಹಿಡಿದರೆ 32 ಸೆಂಟಿಮೀಟರ್. ಲೋಹದ ಸಾಮಾನು 30 ಸೆಂಟಿಮೀಟರ್ ಮುಟ್ಟಿದರೆ ಅದು "ಸೊದಾಯ್ ಗೊಮಿ", ಅಂದರೆ ದೊಡ್ಡ ಕಸ. ಮೊದಲೇ ಹೇಳಿ, ದಿನ ಗೊತ್ತು ಮಾಡಿಕೊಂಡು, ದುಡ್ಡು ಕಟ್ಟಿ ಹಾಕಬೇಕು. ಎಸೆಯಲೂ ದುಡ್ಡು ಕೊಡಬೇಕು ಅಂದ ಮೇಲೆ ಕೊಳ್ಳುವಾಗ ಕೈ ತಾನಾಗಿ ಹಿಂದೇಟು ಹಾಕುತ್ತದೆ. ಹೊಸ ಕಾವಲಿ 28ರದ್ದು ತಂದೆ.

ಊರಿನವರ ಜೊತೆ ಈ ಮಾತು ಬಂದಾಗೆಲ್ಲ ಒಂದೇ ಉತ್ತರ. "ಅದು ಅವರ ರಕ್ತದಲ್ಲೇ ಇದೆ ಬಿಡಿ, ನಮ್ಮವರಿಗೆ ಬರಲ್ಲ." ಈ ಮಾತು ಕೇಳಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಯಾಕೆಂದರೆ ಇದು ಸುಳ್ಳು.

ಟೋಕಿಯೋದ ಕೋತೋ ವಾರ್ಡಿನಲ್ಲಿ ಯುಮೆನೋಶಿಮಾ ಅಂತ ಒಂದು ಜಾಗವಿದೆ. ಹೆಸರಿನ ಅರ್ಥ ಕನಸಿನ ದ್ವೀಪ. ಇಡೀ ನಗರದ ಕಸವನ್ನು ತಂದು ಅಲ್ಲಿ ಸುರಿದರು. 1965ರಲ್ಲಿ ಅಲ್ಲಿಂದ ಎದ್ದ ನೊಣಗಳು ಸುತ್ತಲಿನ ಮನೆ, ಶಾಲೆಗಳನ್ನೆಲ್ಲ ಮುತ್ತಿದವು. 1971ರಲ್ಲಿ ಟೋಕಿಯೋದ ಗವರ್ನರ್ ಮಿನೋಬೆ ರ್‍ಯೋಕಿಚಿ "ಕಸದ ಯುದ್ಧ" ಅಂತಲೇ ಘೋಷಣೆ ಮಾಡಿದರು. ಸುಗಿನಾಮಿ ವಾರ್ಡಿನವರು ತಮ್ಮಲ್ಲಿ ಕಸ ಸುಡುವ ಕಾರ್ಖಾನೆ ಬೇಡ ಅಂತ ಹಟ ಹಿಡಿದಾಗ, ಕೋತೋ ವಾರ್ಡಿನವರು ರಸ್ತೆಗಿಳಿದು ಅವರ ಕಸದ ಲಾರಿಗಳನ್ನು ತಡೆದರು. ನಿಮ್ಮ ಕಸ ನಮಗ್ಯಾಕೆ ಅಂತ. ಓದುತ್ತಿದ್ದರೆ ಮಂಡೂರು ನೆನಪಾಗಲ್ವಾ? ಬೆಂಗಳೂರಿನ ಕಸ ಹೊತ್ತು ಸಾಕಾಗಿ 2014ರಲ್ಲಿ ಆ ಊರಿನವರೂ ಲಾರಿ ತಡೆದಿದ್ದರು. ಅದೇ ಸಿಟ್ಟು, ಅದೇ ನ್ಯಾಯ.

ಯೊಕೊಹಾಮದ ಕಥೆ ಇನ್ನೂ ಹತ್ತಿರದ್ದು. ಇಲ್ಲಿ ಇಷ್ಟು ಬಗೆಯಾಗಿ ವಿಂಗಡಿಸುವುದು ಶುರುವಾಗಿದ್ದು ಜಿ30 ಅನ್ನುವ ಯೋಜನೆಯಿಂದ. 2003ರಲ್ಲಿ ಬಂತು. 2001ರಲ್ಲಿ ಎಷ್ಟು ಕಸ ಇತ್ತೋ ಅದರಲ್ಲಿ 30 ಶೇಕಡಾವನ್ನು 2010ರೊಳಗೆ ಇಳಿಸಬೇಕು ಅನ್ನುವುದು ಗುರಿ. 2005ರಲ್ಲೇ ಇಳಿಯಿತು. ಎರಡು ಸುಡುವ ಕಾರ್ಖಾನೆಗಳನ್ನೇ ಮುಚ್ಚಿದರು. ಹೇಗಾಯಿತು? ಬಡಾವಣೆ ಬಡಾವಣೆಗೆ ಹೋಗಿ ಜನರನ್ನು ಕೂರಿಸಿಕೊಂಡು ಹೇಳಿದರು. ಅಂಥ ಸಭೆಗಳು ಸುಮಾರು 11,000 ನಡೆದವು. ರಕ್ತದಲ್ಲಿದ್ದಿದ್ದರೆ ಹನ್ನೊಂದು ಸಾವಿರ ಸಲ ಯಾಕೆ ಹೇಳಬೇಕಿತ್ತು? ನನಗೆ ಕ್ಯಾಲೆಂಡರ್ ತೋರಿಸಿದ ಅಜ್ಜಿಗೂ ಒಂದು ದಿನ ಯಾರೋ ತೋರಿಸಿಕೊಟ್ಟಿರಬೇಕು.

ಇನ್ನೊಂದು ವಿಷಯ, ಲಾರಿ ಹೇಳಿದ ದಿನ ಬರುತ್ತದೆ. ಮಳೆಯಿರಲಿ, ಬೇರೇನೇ ಇರಲಿ, ಈ ಹತ್ತು ತಿಂಗಳಲ್ಲಿ ಒಂದು ದಿನವೂ ತಪ್ಪಿಲ್ಲ. ನಾನು ಬೇರೆ ಮಾಡಿದ್ದು ಕೊನೆಯವರೆಗೂ ಬೇರೆಯಾಗಿಯೇ ಹೋಗುತ್ತದೆ ಅನ್ನುವ ಭರವಸೆ ಇದೆ. ಬೆಂಗಳೂರಿನಲ್ಲಿ ನಮ್ಮ ಬೀದಿಯಲ್ಲಿ ಎಷ್ಟೋ ಮನೆಯವರು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುತ್ತಿದ್ದರು. ಆಟೋದವರು ಕಣ್ಣೆದುರೇ ಎರಡನ್ನೂ ಒಟ್ಟಿಗೆ ಸುರಿದ ಮೇಲೆ ಬಿಟ್ಟರು. ಜನರಿಗೆ ಬುದ್ಧಿ ಇಲ್ಲ ಅಂತ ನಾನು ಹೇಳಲಾರೆ.

ಇಲ್ಲಿ ಎಲ್ಲವೂ ಸರಿ ಅಂತಲೂ ಅಲ್ಲ. ಒಂದೊಂದು ಬಿಸ್ಕತ್ತಿಗೂ ಒಂದೊಂದು ಕವರು. ಜಪಾನಿನಲ್ಲಿ ಮನೆ, ಅಂಗಡಿಗಳ ಕಸದಲ್ಲಿ ಮರುಬಳಕೆಗೆ ಹೋಗುವುದು ಐದರಲ್ಲಿ ಒಂದು ಪಾಲು ಅಷ್ಟೇ. ಹೆಚ್ಚಿನದನ್ನು ಸುಡುತ್ತಾರೆ. ಇಷ್ಟೆಲ್ಲ ತೊಳೆದು ಒಣಗಿಸುವ ದೇಶ ಮೊದಲು ಆ ಕವರುಗಳನ್ನು ಕಡಿಮೆ ಮಾಡಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಅದನ್ನೇ ಅಮ್ಮನಿಗೆ ಹೇಳಿದೆ. ಅಮ್ಮ ತಮ್ಮ ಕಾಲದ್ದು ನೆನೆಸಿಕೊಂಡರು. ಸಿಪ್ಪೆ ಹಸುವಿಗೆ, ಸಗಣಿ ತಿಪ್ಪೆಗೆ, ತೆಂಗಿನ ಚಿಪ್ಪು ಬಚ್ಚಲ ಒಲೆಗೆ, ಹಳೇ ಪೇಪರು ಗುಜರಿಯವನಿಗೆ. "ಎಸೆಯೋಕೆ ಏನಿತ್ತು ಹೇಳು?" ಗುಜರಿ ಅಂದಾಗ ನನಗೆ ಖುಷಿಯಾಯಿತು. ಇಲ್ಲೂ ಹಳೇ ಪೇಪರು, ಬಟ್ಟೆ ಒಯ್ಯುವುದು ನಗರದ ಲಾರಿಯಲ್ಲ. ಬಡಾವಣೆಯವರೇ ಒಬ್ಬ ವ್ಯಾಪಾರಿಯನ್ನು ಗೊತ್ತು ಮಾಡಿರುತ್ತಾರೆ. ಮಳೆ ಬಂದರೆ ಬಟ್ಟೆ ಇಡಬಾರದು, ನೆಂದರೆ ಕೆಲಸಕ್ಕೆ ಬರಲ್ಲ.

ನಾನು ಇದನ್ನೆಲ್ಲ ಬರೆಯಲು ಕೂತಿದ್ದು ಒಂದು ಲೋಟದಿಂದ. ಹೋದ ವಾರ ಮಗಳ ಕೈಯಿಂದ ಗಾಜಿನ ಲೋಟ ಬಿದ್ದು ಒಡೆಯಿತು. ಚೂರುಗಳನ್ನು ಬಳಿಯುವಾಗ ಬೆಂಗಳೂರಿನ ನಮ್ಮ ಬೀದಿಗೆ ಬರುತ್ತಿದ್ದ ಪೌರಕಾರ್ಮಿಕ ಹೆಂಗಸು ನೆನಪಾದರು. ಒಂದು ಬೆಳಿಗ್ಗೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದರು. ಬಟ್ಟೆ ಕೆಂಪಾಗಿತ್ತು. "ಏನಾಯ್ತಮ್ಮಾ?" ಅಂದೆ. "ಗಾಜು ಅಕ್ಕ, ಅನ್ನದ ಕವರ್‌ನಾಗಿತ್ತು" ಅಂದರು. ಯಾರ ಮನೆಯದು ಅಂತ ಅವರು ಹೇಳಲಿಲ್ಲ. ಹಸಿ ಕಸ, ಒಣ ಕಸ, ಉಳಿದದ್ದು ಬೇರೆ ಬೇರೆ ಕೊಡಬೇಕು ಅನ್ನುವ "ಎರಡು ಬಿನ್, ಒಂದು ಬ್ಯಾಗ್" ನಿಯಮ ಹೈಕೋರ್ಟ್ ಆದೇಶದಿಂದ ಬಂದು ವರ್ಷಗಳಾಗಿದ್ದವು. ನಾನೂ ಆ ದಿನಕ್ಕೆ ಮುಂಚೆ ಎಷ್ಟೋ ಸಲ ಒಡೆದ ಗಾಜನ್ನು ಹಾಗೇ ಅನ್ನದ ಜೊತೆ ಕವರಿಗೆ ಹಾಕಿ ಗಂಟು ಕಟ್ಟಿದ್ದೇನೆ. ಆ ಕವರನ್ನು ಯಾರೋ ಕೈಯಿಂದ ಬಿಚ್ಚುತ್ತಾರೆ ಅಂತ ಯೋಚಿಸಿಯೇ ಇರಲಿಲ್ಲ.

ಇಲ್ಲಿ ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಒಳಗೇನಿದೆ ಅಂತ ಮೇಲೆ ಬರೆದು, ಬೇರೆಯಾಗಿ ಇಡಬೇಕು. ನಾನು ಎರಡು ಪದರ ಪೇಪರು ಸುತ್ತಿದೆ, ಮೇಲೆ ರಟ್ಟು, ಟೇಪು. ಮಗಳು ಈಗ ಇಲ್ಲಿನ ಶಾಲೆಗೆ ಹೋಗುತ್ತಾಳೆ. "ನಾನು ಬರೀತೀನಮ್ಮಾ" ಅಂತ ಮಾರ್ಕರ್ ಕಿತ್ತುಕೊಂಡಳು. ಮೂರು ದೊಡ್ಡ ಜಪಾನಿ ಅಕ್ಷರ, ಗ-ರ-ಸು, ಅಂದರೆ ಗಾಜು. ದೂರದಿಂದಲೂ ಕಾಣಲಿ ಅಂತ ಇನ್ನೊಂದು ಬದಿಗೂ ಬರೆದಳು. ಬೆಳಿಗ್ಗೆ ಇಬ್ಬರೂ ಹೋಗಿ ಬಲೆಯ ಅಂಚಿನಲ್ಲಿ, ಅಕ್ಷರ ಮೇಲೆ ಬರುವ ಹಾಗೆ ಇಟ್ಟು ಬಂದೆವು.