ರೆಗ್ಯುಲೇಟರ್ ಯಾವ ಕಡೆ ತಿರುಗಿಸಬೇಕು? ನಿಮ್ಮನೇಲಿ ಎಷ್ಟು ಜನಕ್ಕೆ ಗೊತ್ತು?

ಮೊನ್ನೆ ಸಂಜೆ ಒಲೆ ಮೇಲೆ ಪಾತ್ರೆ ಇಟ್ಟು, ಉರಿ ಸಣ್ಣ ಮಾಡಿ, ಫೋನ್ ಬಂತು ಅಂತ ಹಾಲ್‌ಗೆ ಹೋದೆ. ಮಾತು ಉದ್ದವಾಯಿತು. ಅಷ್ಟರಲ್ಲಿ ಪಾತ್ರೆ ಉಕ್ಕಿ, ಬರ್ನರ್ ಮೇಲೆ ಸುರಿದು, ಉರಿ ಆರಿಹೋಗಿದೆ. ಗ್ಯಾಸ್ ಮಾತ್ರ ಬರ್ತಾನೇ ಇದೆ. ಎಂಟು ಹೆಜ್ಜೆ ದೂರದಲ್ಲಿ ಕೂತಿದ್ದ ನನಗೆ ಏನೂ ಗೊತ್ತಾಗಲಿಲ್ಲ. ಹೊರಗಿನಿಂದ ಬಂದ ಮಗ ಬಾಗಿಲಲ್ಲೇ ನಿಂತು, "ಅಮ್ಮಾ, ಏನಿದು ವಾಸನೆ?" ಅಂದ. ಅಂದವನೇ ಸೀದಾ ಅಡುಗೆಮನೆಗೆ ಹೋಗಿ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಲು ಹೋದ.

ನಾನು ಕೂಗಿದ ಜೋರಿಗೆ ಬೆಚ್ಚಿ ಕೈ ಹಿಂದೆ ತೆಗೆದ. ಬೆರಳಿಗೂ ಸ್ವಿಚ್ಚಿಗೂ ನಡುವೆ ಗೇಣು ಜಾಗವೂ ಇರಲಿಲ್ಲ.

ಓಡಿಹೋಗಿ ಒಲೆಯ ನಾಬ್ ಮುಚ್ಚಿದೆ. ಕಿಟಕಿ ತೆಗೆಯುತ್ತಾ, "ನೀನು ರೆಗ್ಯುಲೇಟರ್ ಆಫ್ ಮಾಡೋ" ಅಂದೆ. ಅವನು ಸಿಲಿಂಡರ್ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಖ ಮೇಲೆತ್ತಿ ಕೇಳಿದ: "ಯಾವ ಕಡೆ ತಿರುಗಿಸ್ಬೇಕಮ್ಮ?"

ಇಪ್ಪತ್ತೆರಡು ವರ್ಷದ ಹುಡುಗ. ಕಂಪ್ಯೂಟರ್ ಬಿಚ್ಚಿ ಮತ್ತೆ ಜೋಡಿಸಬಲ್ಲ. ಹುಟ್ಟಿದಾಗಿನಿಂದ ಆ ಮನೆಯಲ್ಲಿರುವ ಸಿಲಿಂಡರ್ ಮುಚ್ಚೋದು ಗೊತ್ತಿಲ್ಲ. ರಾತ್ರಿ ಅವರಪ್ಪನನ್ನು ಕೇಳಿದೆ. ಅವರೂ ಒಂದು ಕ್ಷಣ ಯೋಚಿಸಿದರು. ತಪ್ಪು ಅವರಿಬ್ಬರದು ಅಂತ ನಾನು ಹೇಳಲ್ಲ. ಗ್ಯಾಸ್ ಅಂದರೆ ಅಡುಗೆ ಮಾಡುವವರ ಪಾಡು ಅಂತ ನಾನೇ ಇಷ್ಟು ವರ್ಷ ನಡೆಸಿಕೊಂಡು ಬಂದೆ. ಆ ಅಭ್ಯಾಸವೇ ದೊಡ್ಡ ಅಪಾಯ ಅಂತ ಈಗ ನನಗೆ ಖಚಿತವಾಗಿ ಅನ್ನಿಸುತ್ತಿದೆ.

ಯಾಕೆ ಗೊತ್ತಾ? ಸೋರಿಕೆ ಮೊದಲು ಗೊತ್ತಾಗೋದು ಎಷ್ಟೋ ಸಲ ಅಡುಗೆಮನೆಯಲ್ಲಿ ಇರುವವರಿಗಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಬಿಡುತ್ತದೆ. ನಿಧಾನವಾಗಿ ಜಾಸ್ತಿಯಾಗುವ ವಾಸನೆ ಒಳಗಿರುವವರ ಗಮನಕ್ಕೇ ಬರೋದಿಲ್ಲ. ಹೊರಗಿನಿಂದ ಬಂದವರ ಮೂಗಿಗೆ ಮಾತ್ರ ತಟ್ಟನೆ ಹೊಡೆಯುತ್ತದೆ. ಅಂದರೆ ಬಾಗಿಲು ತೆಗೆದು ಒಳಗೆ ಬರುವವರು ಯಾರೇ ಆಗಲಿ, ಆ ಹೊತ್ತಿಗೆ ಏನು ಮಾಡಬೇಕು, ಏನು ಮಾಡಬಾರದು ಅಂತ ಅವರಿಗೇ ಗೊತ್ತಿರಬೇಕು.

ಅಂದಹಾಗೆ ಆ ವಾಸನೆ ಗ್ಯಾಸಿನದ್ದಲ್ಲ. ಸಿಲಿಂಡರಿನಲ್ಲಿರುವ ಪ್ರೊಪೇನ್, ಬ್ಯೂಟೇನ್‌ಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟನ್ ಅನ್ನುವ ಕೆಟ್ಟ ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ಇದರ ಹಿಂದೆ ಒಂದು ದುಃಖದ ಕಥೆ ಇದೆ. 1937ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ವಾಸನೆಯಿಲ್ಲದ ಗ್ಯಾಸ್ ಕಟ್ಟಡದ ಅಡಿಯಲ್ಲಿ ಸೋರಿ ತುಂಬಿಕೊಂಡಿತ್ತು. ಯಾರಿಗೂ ಗೊತ್ತಿರಲಿಲ್ಲ. ಮರ ಉಜ್ಜುವ ಯಂತ್ರದ ಸ್ವಿಚ್ ಹಾಕಿದಾಗ ಹಾರಿದ ಕಿಡಿಯಿಂದ ಅದು ಸ್ಫೋಟಿಸಿತು ಎನ್ನುತ್ತಾರೆ. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಗ್ಯಾಸಿಗೆ ವಾಸನೆ ಬೆರೆಸಲೇಬೇಕು ಅನ್ನುವ ಕಾನೂನು ಅಲ್ಲಿ ಬಂದದ್ದು ಅದಾದ ಮೇಲೆ. ಇದನ್ನು ಓದಿದ ದಿನದಿಂದ ಸ್ವಿಚ್ ಅಂದರೆ ನನಗೆ ಭಯ. ಮೊನ್ನೆ ಬಾಯಿಂದ ಕೂಗು ಹೊರಟದ್ದೂ ಆ ಭಯದಿಂದಲೇ.

ಫ್ಯಾನ್ ಹಾಕಿದರೆ ಗ್ಯಾಸ್ ಹೊರಗೆ ಹೋಗುತ್ತದೆ ಅಂತ ಅವನು ಯೋಚಿಸಿದ್ದು ಸಹಜ. ಆದರೆ ಸ್ವಿಚ್ ಹಾಕಿದಾಗಲೂ, ಆರಿಸಿದಾಗಲೂ ಒಳಗೆ ಸಣ್ಣ ಕಿಡಿ ಹಾರುತ್ತದೆ. ಸಿಲಿಂಡರಿನ ಗ್ಯಾಸ್ ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೂ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಉರಿಯುತ್ತಿರುವ ದೀಪ ಉರಿಯಲಿ, ಆರಿರೋದು ಆರಿರಲಿ. ಒಲೆ ಮುಚ್ಚಿ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ಪೂರ್ತಿ ತೆಗೆದು, ಎಲ್ಲರೂ ಹೊರಗೆ ಬನ್ನಿ. ಫೋನ್ ಮಾಡೋದಿದ್ದರೆ ಹೊರಗೆ ಬಂದ ಮೇಲೆ ಮಾಡಿ. ಈ ಗ್ಯಾಸ್ ಗಾಳಿಗಿಂತ ಭಾರ, ಕೆಳಗಿಳಿದು ನೆಲದಲ್ಲೇ ಹರಡಿಕೊಳ್ಳುತ್ತದೆ. ಮೇಲಿನ ಕಿಂಡಿಯೊಂದನ್ನೇ ತೆಗೆದರೆ ಸಾಲದು, ಬಾಗಿಲೂ ತೆರೆದಿರಬೇಕು. ಪೈಪ್‌ಲೈನಿನಲ್ಲಿ ಬರುವ ನೈಸರ್ಗಿಕ ಅನಿಲ ಮಾತ್ರ ಹಗುರ, ಅದು ಮೇಲೆ ಹೋಗುತ್ತದೆ.

ಎಣ್ಣೆ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು ಅನ್ನೋದು ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೆ. ನಮ್ಮ ಮನೆಯವರು ಅವತ್ತು ರಾತ್ರಿ "ನೀರೇ ಹಾಕೋದಲ್ವಾ?" ಅಂದರು. ಅಲ್ಲ. ನೀರು ಎಣ್ಣೆಗಿಂತ ಭಾರ, ಅಡಿಗೆ ಹೋಗಿ ಒಮ್ಮೆಲೇ ಹಬೆಯಾಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಕೈಗೆ ಸಿಕ್ಕರೆ ಒಲೆ ಆರಿಸಿ, ಬಾಣಲೆ ಪೂರ್ತಿ ಮುಚ್ಚುವ ಲೋಹದ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಬೇಕು. ಆಮೇಲೆ ಪೂರ್ತಿ ತಣ್ಣಗಾಗುವವರೆಗೆ ಅದನ್ನು ಎತ್ತಿ ನೋಡಬಾರದು. ಬೆಂಕಿ ದೊಡ್ಡದಾಗಿದ್ದರೆ ಅದರ ಗೋಜಿಗೇ ಹೋಗದೆ ಹೊರಗೆ ಓಡಿ.

ಇನ್ನೊಂದು ಮಾತು, ಉರಿಯ ಬಣ್ಣದ್ದು. ನೀಲಿ ಇದ್ದರೆ ಸರಿ. ಹಳದಿಯಾಗಿ ತೂರಾಡುತ್ತಿದ್ದರೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಆಗ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬರ್ನರಿನ ತೂತು ಕಟ್ಟಿದೆಯಾ ನೋಡಿ, ತೊಳೆದು ಒಣಗಿಸಿ ಹಾಕಿ. ಆದರೂ ಹಳದಿಯೇ ಬಂದರೆ ರಿಪೇರಿಯವರನ್ನೇ ಕರೆಸಿ.

ಹೊಸ ಒಲೆ ಕೊಳ್ಳುವವರಿಗೆ ನನ್ನ ಒಂದೇ ಮಾತು. ಗಾಜಿನ ಹೊಳಪು ನೋಡಬೇಡಿ, ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುತ್ತದೆಯಾ ಅಂತ ಕೇಳಿ. ಬರ್ನರ್ ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ ಇರುತ್ತದೆ. ಉರಿಯ ಬಿಸಿ ತಾಗುತ್ತಿರುವಷ್ಟು ಹೊತ್ತು ಅದು ಗ್ಯಾಸ್ ಬಿಡುತ್ತದೆ, ತಣ್ಣಗಾದರೆ ಮುಚ್ಚುತ್ತದೆ. ನಮ್ಮ ಒಲೆಯಲ್ಲಿ ಅದಿಲ್ಲ. ಇದ್ದಿದ್ದರೆ ಮೊನ್ನೆಯ ಕಥೆ ಉಕ್ಕಿದ್ದನ್ನು ಒರೆಸುವಲ್ಲಿಗೆ ಮುಗಿಯುತ್ತಿತ್ತು.

ಭಾನುವಾರ ಮೂವರೂ ಅಡುಗೆಮನೆಯಲ್ಲಿ ನಿಂತೆವು. ಮಗ ಹತ್ತು ಸಲ ರೆಗ್ಯುಲೇಟರ್ ಹಾಕಿ ತೆಗೆದ, ಕೊನೆಗೆ ಕಣ್ಣು ಮುಚ್ಚಿಕೊಂಡು ಮಾಡಿದ. ಅವರಪ್ಪ ಸೋಪಿನ ನೀರನ್ನು ಬ್ರಷ್‌ನಲ್ಲಿ ಪೈಪಿನ ಉದ್ದಕ್ಕೂ ಸವರಿದರು. ರೆಗ್ಯುಲೇಟರಿಗೆ ಪೈಪು ಸೇರುವಲ್ಲಿ ಏನೂ ಇರಲಿಲ್ಲ. ಒಲೆಯ ಹಿಂದೆ, ಪೈಪು ಬಾಗುವ ಕಡೆ, ಸಾಸಿವೆಯಷ್ಟು ಗುಳ್ಳೆ ಎದ್ದಿತು. ಒಡೆಯಿತು. ಮತ್ತೆ ಎದ್ದಿತು. ಪಾತ್ರೆಗಳ ಹಿಂದೆ ಇದ್ದದ್ದರಿಂದ ನಾನು ಎಷ್ಟು ದಿನದಿಂದ ಅದನ್ನು ನೋಡಿರಲಿಲ್ಲವೋ. ಪೈಪಿನ ಮೇಲೆ ಅಚ್ಚಾಗಿದ್ದ ದಿನಾಂಕ ಓದಲು ಟಾರ್ಚ್ ಬೇಕು ಅಂತ ಮಗ ಎದ್ದ. "ಮೊದಲು ರೆಗ್ಯುಲೇಟರ್" ಅಂದರು ಅವರಪ್ಪ. ಅವನು ಆಗಲೇ ಮುಚ್ಚಿದ್ದ.