ಪಕ್ಕದ ಮನೆ ಖಾನುಂ, ನಮ್ಮ ಮನೆ ಬೀಗರು

ನಮ್ಮ ಪಕ್ಕದ ಮನೆ ಖಾನುಂಗೆ ಒಂದು ಟಿವಿ ಕಾರ್ಯಕ್ರಮ ಕಂಡರೆ ಆಗುವುದಿಲ್ಲ. ಆದರೂ ಅದರ ಒಂದು ಕಂತನ್ನೂ ಅವರು ಬಿಟ್ಟಿಲ್ಲ. ಅದು ನಿಂತು ಹೋಗಿ ವರ್ಷಗಳಾದವು. ಈಗ ಹಳೆಯ ಕಂತುಗಳನ್ನೇ ಹಾಕಿಕೊಂಡು ಕೂತು ಬೈಯುತ್ತಾರೆ. ಜೊತೆಗೆ ನನ್ನ ಹೆಂಡತಿಯನ್ನೂ ಕರೆಯುತ್ತಾರೆ. ಒಬ್ಬರೇ ಬೈದರೆ ಏನು ಮಜಾ ಅಲ್ವಾ?

ಖಾನುಂ ಅನ್ನುವುದು ಅವರ ಹೆಸರಲ್ಲ. ನಾವು ಅಮ್ಮಾವ್ರು ಅಂತೀವಲ್ಲ, ಆ ತರಹದ ಮರ್ಯಾದೆಯ ಮಾತು. ಟೆಹ್ರಾನ್‌ನಲ್ಲಿ ಹುಟ್ಟಿದವರು. 1979ರಲ್ಲಿ ಇರಾನ್‌ನಲ್ಲಿ ಕ್ರಾಂತಿಯಾಗಿ, ಶಾ ಅಂತ ಕರೆಯುತ್ತಿದ್ದ ದೊರೆ ಹೋಗಿ ಮುಲ್ಲಾಗಳ ಸರ್ಕಾರ ಬಂದಾಗ, ಎರಡು ಸೂಟ್‌ಕೇಸ್ ಹಿಡಿದು ಬಂದು ಲಾಸ್ ಏಂಜಲೀಸ್‌ನಲ್ಲಿ ಉಳಿದರು. ನಾವಿರುವ ಕಡೆಯಿಂದ ವೆಸ್ಟ್‌ವುಡ್ ಬೀದಿ ಹತ್ತಿರ. ಅಲ್ಲಿ ಅಂಗಡಿ ಬೋರ್ಡು, ಪುಸ್ತಕದಂಗಡಿ, ಐಸ್‌ಕ್ರೀಂ ಅಂಗಡಿ ಎಲ್ಲ ಫಾರ್ಸಿಮಯ. ಜನ ಆ ಕಡೆಯನ್ನು ಟೆಹ್ರಾಂಜಲೀಸ್ ಅಂತಲೇ ಕರೆಯುತ್ತಾರೆ.

ಅವರು ಬೈಯುವ ಕಾರ್ಯಕ್ರಮ 'ಶಾಸ್ ಆಫ್ ಸನ್‌ಸೆಟ್' ಅನ್ನುವ ರಿಯಾಲಿಟಿ ಶೋ. 2012ರ ಮಾರ್ಚ್‌ನಲ್ಲಿ ಬ್ರಾವೋ ಚಾನೆಲ್‌ನಲ್ಲಿ ಶುರುವಾಗಿ 2021ರವರೆಗೆ ಒಂಬತ್ತು ಸೀಸನ್ ಓಡಿತು. ಇದೇ ಊರಿನ ದುಡ್ಡಿರುವ ಇರಾನಿ ಹುಡುಗ ಹುಡುಗಿಯರ ಗುಂಪು. ಚಿನ್ನ, ಕಾರು, ಈಜುಕೊಳದ ಪಾರ್ಟಿ, ಕುಡಿತ, ಕಿರುಚಾಟ. ಬರುವ ಮೊದಲೇ ಇಲ್ಲಿನ ಇರಾನಿಗಳಲ್ಲಿ ಗುಲ್ಲೆದ್ದಿತ್ತಂತೆ. 'ನಾವು ಡಾಕ್ಟರ್ ಆದೆವು, ಎಂಜಿನಿಯರ್ ಆದೆವು, ಟಿವಿಯವರಿಗೆ ಕಂಡಿದ್ದು ಇವರೇನಾ' ಅನ್ನುವುದು ಖಾನುಂ ಅವರ ದೂರು. ಬೆವರ್ಲಿ ಹಿಲ್ಸ್‌ಗೆ 2007ರಲ್ಲಿ ಇರಾನ್‌ನಲ್ಲಿ ಹುಟ್ಟಿದ ಜಿಮ್ಮಿ ದೆಲ್‌ಶಾದ್ ಮೇಯರ್ ಆಗಿದ್ದರು. ಶಿರಾಜ್‌ನ ಯಹೂದಿ ಕುಟುಂಬದವರು. ಖಾನುಂ ಈ ಉದಾಹರಣೆಯನ್ನು ವಾರಕ್ಕೊಮ್ಮೆಯಾದರೂ ಕೊಡುತ್ತಾರೆ.

ಆದರೆ ಕಾರ್ಯಕ್ರಮದಲ್ಲಿ ಅಪ್ಪ ಅಮ್ಮಂದಿರು ಬಂದರೆ ಸಾಕು, ಖಾನುಂ ಬಾಯಿ ಬಂದ್. ರಿಮೋಟ್ ಮಡಿಲಲ್ಲಿಟ್ಟುಕೊಂಡು ಸುಮ್ನೆ ನೋಡುತ್ತಾರೆ.

ಅಲ್ಲಿ ಎಂಜೆ ಅನ್ನುವವಳ ತಾಯಿ ವೀಡಾ ಬರುತ್ತಾರೆ. ಅಮ್ಮ ಮಗಳು ಸೇರಿದರೆ ಜಗಳ. ಮದುವೆ ಯಾಕೆ ಆಗಲಿಲ್ಲ, ಇಷ್ಟು ದಪ್ಪ ಯಾಕಾದೆ, ಹೀಗೆ. ನಮ್ಮ ಕಡೆ ಮದುವೆ ಮನೆಯಲ್ಲಿ ಸಿಗುವ ಅತ್ತೆಯರನ್ನು ನೆನಪಿಸುವ ಮಾತುಗಳು. ರೆಜಾ ಅನ್ನುವವರ ಕತೆ ಇನ್ನೂ ಗಟ್ಟಿ. ಅಪ್ಪ ಯಹೂದಿ ಮನೆತನದವರು, ಅಮ್ಮ ಮುಸ್ಲಿಂ. ಅಪ್ಪನ ಕಡೆಯವರ ಜೊತೆ ಹಳೇ ಬಿರುಕು. ಸಾಲದ್ದಕ್ಕೆ ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿಕೊಂಡವರು. ಇರಾನ್ ಕಾನೂನಿನಲ್ಲಿ ಸಲಿಂಗ ಸಂಬಂಧಕ್ಕೆ ಶಿಕ್ಷೆ ಮರಣದಂಡನೆವರೆಗೂ ಹೋಗಬಹುದು. ಮೈಕ್ ಅನ್ನುವವರದು ಯಹೂದಿ ಕುಟುಂಬ. ಅವರನ್ನು ಮದುವೆಯಾದ ಹುಡುಗಿ ಯಹೂದಿ ಧರ್ಮಕ್ಕೆ ಸೇರಿದಳು.

ಇದನ್ನೆಲ್ಲ ಶ್ರೀಮಂತ ಮಕ್ಕಳ ಹಟ, ಮುದುಕರ ಕಿರಿಕಿರಿ ಅನ್ನುವ ಹಾಗೆ ಕತ್ತರಿಸಿ ಜೋಡಿಸಿದ್ದಾರೆ. ಹಿನ್ನೆಲೆಗೆ ಡಿಶುಂ ಡಿಶುಂ ಸಂಗೀತ ಬೇರೆ. ನನಗೆ ಬೇಜಾರಾಗುವುದು ಅಲ್ಲೇ. ಹಬೀಬ್ ಎಲ್ಗಾನಿಯನ್ ಅಂತ ಟೆಹ್ರಾನ್‌ನ ದೊಡ್ಡ ಯಹೂದಿ ಉದ್ಯಮಿ ಇದ್ದರು. 1979ರ ಮೇ ತಿಂಗಳಲ್ಲಿ ಹೊಸ ಸರ್ಕಾರದವರು ಅವರನ್ನು ಗುಂಡಿಟ್ಟು ಕೊಂದರು. ಆಮೇಲೆ ಯಹೂದಿಗಳು ಮನೆ, ಅಂಗಡಿ ಬಿಟ್ಟು ಸಾವಿರಗಟ್ಟಲೆ ಹೊರಟರು. ಬಹಾಯಿಗಳ ಗತಿ ಅದಕ್ಕಿಂತ ಕಷ್ಟ. ಅವರ ಧರ್ಮ ಹುಟ್ಟಿದ್ದೇ ಇರಾನ್‌ನಲ್ಲಿ, ಆದರೆ ಅಲ್ಲಿ ಅದಕ್ಕೆ ಮಾನ್ಯತೆ ಇಲ್ಲ. ಅಂಥ ಮನೆಯ ತಾಯಿ 'ನಮ್ಮವರಲ್ಲೇ ಮದುವೆಯಾಗು' ಅಂದರೆ, ಆ 'ನಮ್ಮವರು' ಅನ್ನುವ ಪದದ ಹಿಂದೆ ಒಂದು ಸರ್ಕಾರ ಇದೆ, ಒಂದು ಜೈಲಿದೆ, ಬೀಗ ಹಾಕಿ ಬಿಟ್ಟು ಬಂದ ಒಂದು ಮನೆ ಇದೆ. ಕ್ಯಾಮೆರಾಗೆ ಕಾಣುವುದು ತಾಯಿಯ ಎತ್ತರದ ದನಿ ಮಾತ್ರ.

ಇಲ್ಲಿಗೆ ಬಂದ ಮೇಲೂ ಬಿಡಲಿಲ್ಲ. 1979ರ ನವೆಂಬರ್‌ನಲ್ಲಿ ಟೆಹ್ರಾನ್‌ನ ಅಮೆರಿಕ ರಾಯಭಾರ ಕಚೇರಿಗೆ ನುಗ್ಗಿ 52 ಜನರನ್ನು 444 ದಿನ ಒತ್ತೆ ಇಟ್ಟುಕೊಂಡರಲ್ಲ, ಆಗ ಅಮೆರಿಕದಲ್ಲಿ ಇರಾನಿ ಅಂತ ಹೇಳಿಕೊಳ್ಳುವುದೇ ಕಷ್ಟವಾಯಿತು. ಎಷ್ಟೋ ಜನ 'ನಾವು ಪರ್ಶಿಯನ್' ಅನ್ನತೊಡಗಿದರು. ಬೆಕ್ಕು, ರತ್ನಗಂಬಳಿಗಳ ಜೊತೆ ಹೋಗುವ ಹೆಸರು ನೋಡಿ, ಯಾರಿಗೂ ಹೆದರಿಕೆ ಇಲ್ಲ. ಖಾನುಂ ಈಗಲೂ ಅಂಗಡಿಯಲ್ಲಿ ಪರ್ಶಿಯನ್, ಮನೆಯಲ್ಲಿ ಇರಾನಿ.

ನಮ್ಮ ಟಿವಿಯಲ್ಲಿ ಅಪ್ಪ ಅಮ್ಮ ಬರುವುದು ಬೇರೆ ತರಹ. ಬಿಗ್ ಬಾಸ್ ಕನ್ನಡದಲ್ಲಿ ಮನೆಯವರು ಬರುವ ವಾರ ನೋಡಿದ್ದೀರಲ್ಲ? ಒಳಗಿರುವವರಿಗೆ ಅಲುಗಾಡಬಾರದು ಅಂತ ಅಪ್ಪಣೆ. ಬಾಗಿಲು ತೆಗೆಯುತ್ತದೆ, ಅಮ್ಮ ಬರುತ್ತಾರೆ, ಕೆನ್ನೆ ಸವರುತ್ತಾರೆ. ಮಗ ಕಲ್ಲಿನ ಹಾಗೆ ನಿಂತು ಕಣ್ಣೀರು ಸುರಿಸುತ್ತಾನೆ. ಅಪ್ಪಣೆ ಸಡಿಲವಾದ ಮೇಲೆ ಅಪ್ಪುಗೆ, ತಿಂಡಿ ಡಬ್ಬಿ, 'ಚೆನ್ನಾಗಿ ಆಡು ಕಂದ.' ಆ ತಾಯಿಗೆ ಮಗನ ಜಾತಿ ಬಿಟ್ಟ ಮದುವೆ ಇಷ್ಟವಿರಲಿಲ್ಲವೋ, ಅಪ್ಪನ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಯಿತೋ, ನಮಗೆ ಗೊತ್ತಾಗುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಯೂಟ್ಯೂಬ್ ಸಂದರ್ಶನಗಳಲ್ಲಿ ಸ್ಪರ್ಧಿಗಳ ಮನೆಯವರು ಒಬ್ಬರಿಗೊಬ್ಬರು ಚುಚ್ಚುತ್ತಾರೆ, ಅದು ಬೇರೆ. ಆಗಲೂ ಯಾರ ಓಟು ಯಾರಿಗೆ, ಯಾರ ಮಠ ಯಾವುದು ಅನ್ನುವ ಮಾತು ಬರುವುದಿಲ್ಲ. ನನಗೂ ಕಣ್ಣು ತುಂಬುತ್ತದೆ, ಸುಳ್ಳು ಹೇಳಲ್ಲ. ಆದರೆ ಅಮ್ಮ ಬಂದಾಗ ಮಗ ಅಲುಗಾಡಬಾರದು ಅನ್ನುವ ಆಟ ನಮಗೆ ಇಷ್ಟು ಚೆನ್ನಾಗಿ ಒಗ್ಗಿದೆಯಲ್ಲ ಅಂತ ನಗೂ ಬರುತ್ತದೆ.

ಖಾನುಂ ಮನೆಯ ಜಗಳ ನೋಡಬೇಕಾದರೆ ನೌರೂಜ್ ದಿನ ಹೋಗಬೇಕು. ಅದು ಅವರ ಯುಗಾದಿ, ಮಾರ್ಚ್ 20ರ ಆಸುಪಾಸು. ಮೇಜಿನ ಮೇಲೆ 'ಸ' ಅಕ್ಷರದಿಂದ ಶುರುವಾಗುವ ಏಳು ವಸ್ತು ಇಡುತ್ತಾರೆ. ಸೀಬ್ ಅಂದರೆ ಸೇಬು, ಸೀರ್ ಅಂದರೆ ಬೆಳ್ಳುಳ್ಳಿ, ತಟ್ಟೆಯಲ್ಲಿ ಮೊಳಕೆ ಬರಿಸಿದ ಗೋಧಿ ಹುಲ್ಲು, ವಿನೆಗರ್, ಹೀಗೆ. ಇದರ ಜೊತೆ ಕನ್ನಡಿ, ಮೇಣದ ಬತ್ತಿ, ಒಂದು ಪುಸ್ತಕ. ಆ ಪುಸ್ತಕ ಯಾವುದು ಅನ್ನುವಲ್ಲಿ ಯುದ್ಧ. ಖಾನುಂಗೆ ಕುರಾನ್ ಇಡಬೇಕು, ಅವರಮ್ಮ ಇಡುತ್ತಿದ್ದರು. ಅಳಿಯ ಯಹೂದಿ. ಅವನ ತಾಯಿ, ಅಂದರೆ ಖಾನುಂ ಅವರ ಬೀಗಿತ್ತಿ, 'ನಮ್ಮನ್ನು ಓಡಿಸಿದವರ ಪುಸ್ತಕದ ಮುಂದೆ ನಾನು ಕೂರಲ್ಲ' ಅಂದುಬಿಟ್ಟರು. ಖಾನುಂ ಅವರ ಗಂಡನಿಗೆ ದೇವರೇ ಬೇಡ, ಹಳೇ ರಾಜರ ಕತೆ ಹೇಳುವ ಫಾರ್ಸಿ ಮಹಾಕಾವ್ಯ ಶಾನಾಮೆ ಇಡಿ ಅಂತಾರೆ. 'ಓಡಿಸಿದ್ದು ಪುಸ್ತಕವಾ, ಮುಲ್ಲಾಗಳಾ' ಅಂತ ಖಾನುಂ ಕೇಳಿದರು. ಅದಕ್ಕೆ ಬೀಗಿತ್ತಿಯ ಉತ್ತರ, ಉತ್ತರಕ್ಕೆ ಉತ್ತರ. ನನಗೆ ಅರ್ಥವಾದದ್ದು ಅರ್ಧ. ಕೊನೆಗೆ ಹಾಫಿಜ್‌ನ ಕವಿತೆಗಳ ಪುಸ್ತಕ ಬಂತು. ಹಾಫಿಜ್ ಅಂದರೆ ಎಲ್ಲರೂ ತಲೆ ಬಾಗುತ್ತಾರೆ. ಇಷ್ಟಾದ ಮೇಲೂ ಯಾರೂ ಎದ್ದು ಹೋಗಲಿಲ್ಲ. ಬೀಗಿತ್ತಿ ಸಕ್ಕರೆ ಉಂಡೆ ಹಲ್ಲಲ್ಲಿ ಕಚ್ಚಿಕೊಂಡು ಚಹಾ ಕುಡಿಯುತ್ತಲೇ ಬೈದರು. ಆ ಕಲೆ ನನಗೆ ಬರುವುದಿಲ್ಲ.

ಈ ಬಿಚ್ಚು ಬಾಯಿಯಿಂದ ಒಳ್ಳೆಯದೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. 2022ರ ಸೆಪ್ಟೆಂಬರ್ 16ರಂದು ಟೆಹ್ರಾನ್‌ನಲ್ಲಿ ಮಹ್ಸಾ ಅಮೀನಿ ಅನ್ನುವ ಹುಡುಗಿ ಪೊಲೀಸರ ವಶದಲ್ಲಿದ್ದಾಗಲೇ ಸತ್ತಳು. ಹಿಜಾಬ್ ಸರಿಯಿಲ್ಲ ಅಂತ ಹಿಡಿದಿದ್ದರು. ಆಗ ಇಲ್ಲಿ ಸಾವಿರಾರು ಜನ ಬೀದಿಗಿಳಿದರು. 'ಝನ್, ಝಿಂದಗಿ, ಆಝಾದಿ' ಅನ್ನುವ ಘೋಷಣೆ. ಹೆಣ್ಣು, ಬದುಕು, ಸ್ವಾತಂತ್ರ್ಯ. ಜಿಂದಗಿ, ಆಜಾದಿ ನಮಗೂ ಗೊತ್ತಿರುವ ಪದಗಳೇ. ಖಾನುಂ ಮನೆಯವರು, ಬೀಗರು ಎಲ್ಲ ಒಂದೇ ಕಾರಿನಲ್ಲಿ ಹೋದರು. ಕಾರಿನಲ್ಲೇ ಶುರು: ಶಾ ಕಾಲದ, ಸಿಂಹ ಸೂರ್ಯರ ಹಳೇ ಬಾವುಟ ಹಿಡಿಯಬೇಕೋ ಬೇಡವೋ. ಹಿಡಿದರೆ ದೊರೆ ಕಡೆಯವರು ಅಂತಾರೆ, ಬಿಟ್ಟರೆ ಕೈ ಖಾಲಿ. 2023ರ ಫೆಬ್ರವರಿಯಲ್ಲಿ ಹಳೇ ಶಾನ ಮಗ ರೆಜಾ ಪಹ್ಲವಿ, ಮಸೀಹ್ ಅಲಿನೆಜಾದ್, ಹಾಮೆದ್ ಎಸ್ಮಾಯಿಲಿಯೋನ್, ಹೊರದೇಶದಲ್ಲಿದ್ದು ಇರಾನ್ ಸರ್ಕಾರವನ್ನು ವಿರೋಧಿಸುವ ಇವರೆಲ್ಲ ವಾಷಿಂಗ್ಟನ್‌ನಲ್ಲಿ ಒಂದೇ ವೇದಿಕೆಗೆ ಬಂದರು. ಖಾನುಂ ಅವತ್ತು ನಮಗೂ ಕೇಕ್ ಕೊಟ್ಟಿದ್ದರು. ಏಪ್ರಿಲ್ ಮುಗಿಯುವ ಹೊತ್ತಿಗೆ ಆ ಒಕ್ಕೂಟ ಒಡೆದು ಹೋಗಿತ್ತು. ಮೂರು ತಿಂಗಳೂ ಬಾಳಲಿಲ್ಲ.

ನಮ್ಮ ಊರಿನ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ನಿಯಮವೊಂದಿದೆ. ರಾಜಕೀಯ ಬೇಡ, ಧರ್ಮ ಬೇಡ. ಒಳ್ಳೆಯ ನಿಯಮ ಅಂತ ನಾನೂ ಕೈ ಎತ್ತಿದ್ದೆ. ಈಗ ಅದರಲ್ಲಿ ಉಳಿದಿರುವುದು ಗುಲಾಬಿ ಹೂವಿನ ಶುಭೋದಯ ಮತ್ತು ಬಾಡಿಗೆಗೆ ರೂಮಿದೆಯಾ ಅನ್ನುವ ಪ್ರಶ್ನೆ. (ಅಂದ ಹಾಗೆ ಗುಲಾಬಿ ಫಾರ್ಸಿಯಿಂದ ಬಂದ ಪದ. ಆದರೆ ಈಗಿನ ಫಾರ್ಸಿಯಲ್ಲಿ 'ಗೊಲಾಬಿ' ಅಂದರೆ ಪೇರ್ ಹಣ್ಣು. ನಾನು ಒಮ್ಮೆ ಖಾನುಂ ಮುಡಿಯಲ್ಲಿ ಹಣ್ಣು ಚೆನ್ನಾಗಿದೆ ಅಂದಿದ್ದೆ.) ಜಗಳ ನಿಂತಿದೆಯಾ? ಇಲ್ಲ. ದೀಪ ಹಚ್ಚಲು ಯಾರನ್ನು ಕರೆದರು, ಪುಳಿಯೋಗರೆ ಆರ್ಡರ್ ಯಾರ ಮನೆಯವರಿಗೆ ಹೋಯಿತು, ವಚನ ಮೊದಲಾ ದಾಸರ ಪದ ಮೊದಲಾ, ಎಲ್ಲ ಇದರಲ್ಲೇ ಹೊರಬರುತ್ತದೆ. ಒಳಗೆ ಅದೇ ಜಾತಿ, ಅದೇ ಪಕ್ಷ. ನಮ್ಮದು ಸಭ್ಯತೆ ಅಂತ ಬಹಳ ಕಾಲ ಅಂದುಕೊಂಡಿದ್ದೆ. ಈಗ ಅನುಮಾನ. ನನ್ನ ಮನೆಯನ್ನು ಯಾವ ಸರ್ಕಾರವೂ ಕಿತ್ತುಕೊಂಡಿಲ್ಲ. ಯಾವಾಗ ಬೇಕಾದರೂ ಬೆಂಗಳೂರಿಗೆ ಟಿಕೆಟ್ ತೆಗೆಯಬಹುದು. ಹಾಗಿರುವಾಗ ರಾಜಕೀಯ ಬೇಡ ಅನ್ನುವುದು ಸುಲಭ.

ಅದೇ 2023ರ ಮಾರ್ಚ್‌ನಲ್ಲಿ ನಮ್ಮ ಅಪ್ಪ, ಮಾವ ಇಬ್ಬರೂ ಮೊಮ್ಮಗಳ ನಾಮಕರಣಕ್ಕೆ ಬಂದಿದ್ದರು. ಅಪ್ಪ ಚಿಕ್ಕಮಗಳೂರು ಕಡೆಯವರು, ಮಾವ ಕಲಬುರಗಿ ಕಡೆಯವರು. ಮೇ ತಿಂಗಳ ವಿಧಾನಸಭೆ ಚುನಾವಣೆ ಹತ್ತಿರ ಬರುತ್ತಿತ್ತು. ಅಪ್ಪ ಕಳಿಸಿದ ಒಂದು ಫಾರ್ವರ್ಡ್ ಮೆಸೇಜಿಗೆ ಮಾವ ಏನೋ ಬರೆದಿದ್ದರು. ಅಪ್ಪ ಉತ್ತರಿಸಲಿಲ್ಲ. ಅವತ್ತಿನಿಂದ ಮಾತಿಲ್ಲ. ಒಂದೇ ಸೋಫಾದ ಎರಡು ತುದಿಯಲ್ಲಿ ಕೂತು ಕ್ರಿಕೆಟ್ ನೋಡುತ್ತಿದ್ದರು. 'ಕಾಫಿ ಆಯ್ತೇನೋ ಕೇಳು' ಅಂತ ನನ್ನ ಮೂಲಕವೇ ವಿಚಾರಣೆ.

ಖಾನುಂ ನೌರೂಜ್ ಊಟಕ್ಕೆ ಎಲ್ಲರನ್ನೂ ಕರೆದರು. ಎರಡು ದಿನ ಬಿಟ್ಟು ನಮ್ಮ ಯುಗಾದಿ. ಅವತ್ತು ಅವರಲ್ಲಿ ಸೊಪ್ಪಿನ ಅನ್ನದ ಜೊತೆ ಮೀನು ಇರಲೇಬೇಕು, ಆದರೆ ನಮ್ಮವರು ತಿನ್ನುವುದಿಲ್ಲ ಅಂತ ಬರೀ ಅನ್ನ, ಬದನೆಕಾಯಿ ಮಾಡಿದ್ದರು. ಪಾತ್ರೆ ತಳಕ್ಕೆ ಹಿಡಿದ ಗರಿಗರಿ ಅನ್ನ ಅವರಲ್ಲಿ ಅತಿಥಿಯ ಪಾಲು, ತಹ್‌ದಿಗ್ ಅಂತಾರೆ. ಅದನ್ನು ಒಂದೇ ತಟ್ಟೆಯಲ್ಲಿ ಹಾಕಿ ಇಬ್ಬರು ಬೀಗರ ನಡುವೆ ಇಟ್ಟರು. 'ಇವರಿಬ್ಬರೂ ಯಾಕೆ ಮಾತಾಡಲ್ಲ' ಅಂತ ನನ್ನನ್ನು ಕೇಳಿದರು. ರಾಜಕೀಯ ಅಂದೆ. 'ರಾಜಕೀಯ ಇದ್ದೂ ಮಾತಾಡಲ್ವಾ' ಅಂದರು.

ಖಾನುಂ ಅವರ ಗಂಡ ರಶ್ತ್ ಊರಿನವರು, ಗಿಲಾನ್ ಪ್ರಾಂತ್ಯ. ನಿಮ್ಮ ಕಡೆಯ ಮಹಮೂದ್ ಗವಾನ್ 1453ರಲ್ಲಿ ನಮ್ಮ ಬೀದರಿಗೆ ಬಂದಿದ್ದ, ಅವನು ಕಟ್ಟಿಸಿದ ಮದರಸಾ ಈಗಲೂ ಇದೆ ಅಂತ ನಮ್ಮ ಮಾವ ಹೇಳಿದರು. ಇರಾನ್‌ನಿಂದ ಬಂದವರಿಗೂ ದಖನಿಯವರಿಗೂ ಆಗುತ್ತಿರಲಿಲ್ಲ, ಖೋಟಾ ಪತ್ರ ಹುಟ್ಟಿಸಿ 1481ರಲ್ಲಿ ಅವನ ತಲೆ ತೆಗೆಸಿದರು ಅಂತಲೂ ಹೇಳಿದರು. ರಶ್ತ್‌ನವರು ಬೇಜಾರಾಗಲಿಲ್ಲ. ಪತ್ರ ಖೋಟಾ ಅಂದ ಕೂಡಲೇ ಅವರಿಗೆ 1953 ನೆನಪಾಯಿತು. ತೈಲವನ್ನು ರಾಷ್ಟ್ರೀಕರಣ ಮಾಡಿದ ಇರಾನ್ ಪ್ರಧಾನಿ ಮೊಸದ್ದೆಕ್‌ನನ್ನು ಅಮೆರಿಕ, ಬ್ರಿಟನ್ ಸೇರಿ ಇಳಿಸಿದ ಕತೆ. ಖಾನುಂ ಶಾ ಕಡೆಯವರು. ಸರಿ, ಶುರುವಾಯಿತು. 1978ರ ನವೆಂಬರ್‌ನಲ್ಲಿ ಟೆಹ್ರಾನ್ ಹೊತ್ತಿ ಉರಿದದ್ದು ನಿಮ್ಮವರಿಂದ ಅಂತ ಖಾನುಂ ಗಂಡನ ಕಡೆ ಚಮಚ ತೋರಿಸಿದರು.

1978ರ ನವೆಂಬರ್ ಅಂದಿದ್ದು ಅಪ್ಪನ ಕಿವಿಗೆ ಬಿತ್ತು. 'ಆವಾಗಲೇ ಅಲ್ವೇನೋ ನಮ್ಮೂರಲ್ಲಿ ಇಂದಿರಾ ಗಾಂಧಿ ನಿಂತಿದ್ದು' ಅಂತ ನನ್ನ ಕಡೆ ತಿರುಗಿದರು.

ಉತ್ತರ ಮಾವನಿಂದ ಬಂತು. 'ನಮ್ಮ ವೀರೇಂದ್ರ ಪಾಟೀಲರಿಗೆ ನಿಮ್ಮೂರಾಗ ಮೋಸ ಆತ್ರೀ.'

'ಮೋಸ ಎಲ್ಲಿ ಬಂತು ಬೀಗರೇ? 77 ಸಾವಿರ ಓಟಿನ ಅಂತರ. ನನ್ನ ಓಟೂ ಅದರಲ್ಲಿತ್ತು.'

'ಎಮರ್ಜೆನ್ಸಿ ತಂದಾಕಿಗೆ ಓಟ್ ಹಾಕಿದ್ರಿ ಅಂತ ಬಾಯಿ ಬಿಟ್ಟು ಹೇಳ್ತೀರಲ್ಲ!'

'ಆಮೇಲೆ ನಿಮ್ಮ ಪಾಟೀಲರೂ ಕಾಂಗ್ರೆಸ್ಸಿಗೇ ಬಂದು 89ರಲ್ಲಿ ಮುಖ್ಯಮಂತ್ರಿ ಆದರಲ್ಲ ಬೀಗರೇ? ಅದನ್ನೂ ಹೇಳಿ.'

ಮೇಜಿನ ಆ ತುದಿಯಲ್ಲಿ ಫಾರ್ಸಿ, ಈ ತುದಿಯಲ್ಲಿ ಕನ್ನಡ. ಮೊಮ್ಮಗಳು ಎದ್ದು ಅಳತೊಡಗಿದಳು, ಯಾರಿಗೂ ಕೇಳಿಸಲಿಲ್ಲ. ಖಾನುಂ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಖಾಲಿಯಾದ ತಟ್ಟೆ ಎತ್ತಿಕೊಂಡು, ತಳದಲ್ಲಿ ಇನ್ನಷ್ಟು ಅನ್ನ ಉಳಿದಿದೆಯಾ ನೋಡಲು ಅಡುಗೆಮನೆಗೆ ಹೋದರು.