ರೆಡ್ ಅಲರ್ಟ್ ಅಂದ್ರೆ ಎಷ್ಟು ಮಳೆ?

ಜೂನ್, ಜುಲೈ ಬಂತೆಂದರೆ ನಮ್ಮ ಉಡುಪಿ ಕಡೆಯ ಮಕ್ಕಳಿಗೆ ರಾತ್ರಿ ಒಂದೇ ಚಿಂತೆ. "ನಾಳೆ ಡಿಸಿ ರಜೆ ಕೊಟ್ರಾ?" ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಎಲ್ಲ ಎರಡನೇ ಕ್ಲಾಸಿನವರಿಗೂ ಬಾಯಿಪಾಠ. ಆದರೆ ರೆಡ್ ಅಲರ್ಟ್ ಅಂದ್ರೆ ಎಷ್ಟು ಮಳೆ ಅಂತ ಕೇಳಿ ನೋಡಿ. ಐದನೇ ಕ್ಲಾಸಿನವರಿಗೂ ಗೊತ್ತಿರುವುದಿಲ್ಲ. ನಾವು ದೊಡ್ಡವರಿಗೆ ತಾನೇ ಎಷ್ಟು ಜನರಿಗೆ ಗೊತ್ತು?

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ಮುಟ್ಟಿದರೆ ಭಾರೀ ಮಳೆ. 115.6 ಮುಟ್ಟಿದರೆ ಅತಿ ಭಾರೀ. 204.4 ದಾಟಿದರೆ ಅದಕ್ಕೂ ಮೇಲಿನದ್ದು, ಸಾಮಾನ್ಯವಾಗಿ ರೆಡ್ ಅಲರ್ಟ್ ಬರುವುದು ಅಂಥ ಮಳೆಯ ಸೂಚನೆ ಇದ್ದಾಗ. ಮಕ್ಕಳು ಇದನ್ನು ಉರು ಹೊಡೆಯಬೇಕಾಗಿಲ್ಲ. ಅಂಗಳದಲ್ಲೇ ಅಳೆಯಬಹುದು.

ಬೇಕಾದದ್ದು ನೇರ ಗೋಡೆಯ ಒಂದು ಪ್ಲಾಸ್ಟಿಕ್ ಬಾಟಲಿ. ಮೇಲಿನ ಭಾಗ ಕತ್ತರಿಸಿ, ತಲೆಕೆಳಗಾಗಿ ಅದರೊಳಗೇ ಕೂರಿಸಿದರೆ ಆಲಿಕೆ ಆಯಿತು. ತಳ ಉಬ್ಬುತಗ್ಗು ಇರುವುದರಿಂದ ಸಣ್ಣ ಕಲ್ಲು ಹಾಕಿ, ಅದು ಮುಳುಗುವಷ್ಟು ನೀರು ಸುರಿದು, ಅಲ್ಲಿ ಸೊನ್ನೆ ಅಂತ ಗೆರೆ ಎಳೆಯಬೇಕು. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಮಾಡಿನ ನೀರು, ತೆಂಗಿನ ಮರದ ಹನಿ ಬೀಳದ ಕಡೆ ಇಟ್ಟು, ಗಾಳಿಗೆ ಬೀಳದ ಹಾಗೆ ಸುತ್ತ ಕಲ್ಲು ಇಡಿ. ಇಲಾಖೆಯವರು ಬೆಳಿಗ್ಗೆ 8.30ಕ್ಕೆ ನೋಡುತ್ತಾರೆ, ನಾವೂ ಅದೇ ಹೊತ್ತಿಗೆ ನೋಡಿ, ಬರೆದು, ಗೆರೆಯವರೆಗೆ ನೀರು ಉಳಿಸಿ ಚೆಲ್ಲಬೇಕು. ಅಷ್ಟೇ.

ನಮ್ಮ ಮಗಳು ಮೂರನೇ ಕ್ಲಾಸು. ಒಂದು ಜೋರು ಮಳೆಯ ಬೆಳಿಗ್ಗೆ ಅವಳ ಬಾಟಲಿ ತುಂಬಿ ಹರಿದಿತ್ತು. "ಅಪ್ಪಾ, ಈಗ ಎಷ್ಟು ಅಂತ ಬರೆಯೋದು?" ಅಂತ ಅಳುಮುಖ ಮಾಡಿದಳು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ "150ಕ್ಕಿಂತ ಜಾಸ್ತಿ" ಅಂತ ಬರೆದಳು. ಮರುದಿನದಿಂದ ಮಲಗುವ ಮುಂಚೆ ಒಮ್ಮೆ ಅಳೆದು ಚೆಲ್ಲಿ, ಬೆಳಿಗ್ಗೆ ಇನ್ನೊಮ್ಮೆ ಅಳೆದು, ಎರಡನ್ನೂ ಕೂಡಿಸತೊಡಗಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಗೊತ್ತಿರುವಷ್ಟೇ ಬರೆಯುವುದು, ಸಲಕರಣೆಯ ಮಿತಿ ತಿಳಿದು ದಾರಿ ಹುಡುಕುವುದು. ವಿಜ್ಞಾನ ಅಂದ್ರೆ ಇದೇ ಅಲ್ವಾ?

ಇಲ್ಲಿಂದ ಲೆಕ್ಕವೂ ತಾನಾಗಿ ಬರುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್ ನೀರು. 120 ಚದರ ಮೀಟರ್ ಮಾಡಿನ ಶಾಲೆಯ ಮೇಲೆ 100 ಮಿಲಿಮೀಟರ್ ಬಿದ್ದರೆ 12,000 ಲೀಟರ್. ಏಪ್ರಿಲ್‌ನಲ್ಲಿ ಬಾವಿ ತಳ ಕಂಡು ಟ್ಯಾಂಕರ್‌ಗೆ ಕಾಯುವ ಊರಿನ ಮಗುವಿಗೆ ಈ ಸಂಖ್ಯೆ ಸುಮ್ನೆ ಸಂಖ್ಯೆಯಾಗಿ ಉಳಿಯುವುದಿಲ್ಲ.

ಈಗ ನನಗೆ ನಿಜವಾಗಿ ಬೇಸರ ತರುವ ವಿಷಯಕ್ಕೆ ಬರುತ್ತೇನೆ. ಪ್ರೈಮರಿ ಮಕ್ಕಳ ವಿಜ್ಞಾನ ಮೇಳ. ಥರ್ಮಾಕೋಲ್ ಜ್ವಾಲಾಮುಖಿ, ಅಂಗಡಿಯಿಂದ ತಂದ ಸೌರಮಂಡಲ. ರಾತ್ರಿ ಕೂತು ಅಂಟಿಸುವವರು ಅಪ್ಪ ಅಮ್ಮ, ಬಹುಮಾನ ಚೆಂದಕ್ಕೆ. ಮಗು ಪಕ್ಕದಲ್ಲಿ ನಿಂತು ಬಾಯಿಪಾಠ ಒಪ್ಪಿಸುತ್ತದೆ. ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪದಲ್ಲಿ ನಿಜವಾದ ಲಾವಾ ತಣ್ಣಗಾಗಿ, ಕುಗ್ಗಿ, ಸೀಳಿ ಕಂಬಗಳಾಗಿ ನಿಂತಿದೆ. ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಎಲ್ಲ ಕಂಬಕ್ಕೂ ಆರೇ ಮುಖವೋ, ಐದರದ್ದೂ ಇದೆಯೋ ಅಂತ ಮಕ್ಕಳೇ ಎಣಿಸಲಿ. ನಾವು ಅಲ್ಲಿ ಸೆಲ್ಫಿ ತೆಗೆದು ಬರುತ್ತೇವೆ.

ದೂರ ಹೋಗಲೂಬೇಕಾಗಿಲ್ಲ. ಪತ್ರೊಡೆಗೆ ತಂದ ಕೆಸುವಿನ ಎಲೆಯ ಮೇಲೆ ಒಂದು ಹನಿ ನೀರು ಬಿಡಿ. ಮಣಿಯ ಹಾಗೆ ಉರುಳುತ್ತದೆ, ಎಲೆ ಒದ್ದೆಯಾಗುವುದೇ ಇಲ್ಲ. ಮೇಲೆ ಕಣ್ಣಿಗೆ ಕಾಣದ ಮೇಣದ ಉಬ್ಬುಗಳಿವೆ. ಎಲೆಯ ಒಂದು ಕಡೆ ಬೆರಳಿಂದ ಚೆನ್ನಾಗಿ ಉಜ್ಜಿ ಮತ್ತೆ ಹನಿ ಬಿಡಲಿ. ಏನು ವ್ಯತ್ಯಾಸ ಅಂತ ಅವರೇ ಹೇಳಲಿ. ಬಿಸಿಲಿನ ದಿನ ಅಂಗಳದಲ್ಲಿ ಕೋಲು ನೆಟ್ಟು, ನೆರಳು ಅತಿ ಚಿಕ್ಕದಾಗುವ ಹೊತ್ತು ಗುರುತಿಸಲಿ. ಉಡುಪಿಯಲ್ಲಿ ಅದು 12 ಗಂಟೆಗಲ್ಲ, ಹೆಚ್ಚು ಕಡಿಮೆ 12.30ಕ್ಕೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 75ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ಆ ನೆರಳು ಕೋಲಿನ ಬುಡದಲ್ಲೇ ಮಾಯವಾಗುತ್ತದೆ.

ಟೀಚರ್‌ಗಳನ್ನು ದೂರಲು ನನಗೆ ಮನಸ್ಸಿಲ್ಲ. ಬಿಸಿಯೂಟ, ದಾಖಲೆ, ತರಬೇತಿ, ಅದರ ನಡುವೆ ಪಾಠ. ಸರ್ಕಾರಿ ಶಾಲೆಗಳಲ್ಲಿ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಇದೆ, ಉತ್ಸಾಹದ ಟೀಚರ್ ಇದ್ದರೆ ಅಂದು ಅಂಗಳಕ್ಕೆ ಇಳಿಯುತ್ತಾರೆ. ತಡೆಯುವವರು ಹೆಚ್ಚಾಗಿ ನಾವು, ಪೋಷಕರು. ಯೂನಿಫಾರ್ಮ್ ಕೆಸರಾದರೆ ವಾಟ್ಸಾಪ್ ಗ್ರೂಪಿನಲ್ಲಿ ದೂರು. ಜ್ವರ ಬಂದರೆ ಇನ್ನೊಂದು. ಭಯ ಸುಳ್ಳಲ್ಲ. ಇಲಿಜ್ವರ ನಮ್ಮ ಜಿಲ್ಲೆಗೆ ಹೊಸದಲ್ಲ, ಕಾಲಲ್ಲಿ ಗಾಯ ಇದ್ದವರು ನಿಂತ ನೀರಿಗೆ ಇಳಿಯಲೇಬಾರದು. ಗುಡುಗು ಕೇಳಿದ ಕೂಡಲೇ ಒಳಗೆ. ಮಳೆಗಾಲದಲ್ಲಿ ಕಡಲ ಬದಿಗೆ ಮಕ್ಕಳನ್ನು ಕರೆದೊಯ್ಯುವ ಮಾತೇ ಬೇಡ. ಆದರೆ ಅಂಗಳದ ಬಾಟಲಿ ನೋಡಲು ಒಂದು ಕೊಡೆ, ಒಂದು ಜೊತೆ ಚಪ್ಪಲಿ ಸಾಕು.

ಈ ಸಲದ ಪೋಷಕರ ಸಭೆಯಲ್ಲಿ ನಾನು ಕೇಳಲಿರುವುದು ಎರಡೇ. ಶಾಲೆಯ ಅಂಗಳದಲ್ಲಿ ಒಂದು ಮಳೆ ಬಾಟಲಿ ಇರಲಿ, ದಿನಕ್ಕೊಬ್ಬ ಮಗು ಅಳೆದು ಒಂದು ಪುಸ್ತಕದಲ್ಲೂ ಗೇಟಿನ ಹತ್ತಿರದ ಬೋರ್ಡಿನಲ್ಲೂ ಬರೆಯಲಿ. ಮೇಳದಲ್ಲಿ ಮಾಡೆಲ್ ಬದಲು ಆ ಪುಸ್ತಕ ಇಡಲಿ. ಉಡುಪಿ, ಮಣಿಪಾಲ, ಮಲ್ಪೆ ಆಸುಪಾಸಿನ ಯಾವ ಶಾಲೆಗಾದರೂ ಬೇಕಿದ್ದರೆ ಕಾಮೆಂಟ್ ಹಾಕಿ. ಶನಿವಾರ ಮಧ್ಯಾಹ್ನ ನನಗೆ ಬಿಡುವಿದೆ, ಬಾಟಲಿ ಕತ್ತರಿಸಲು ನಾನೇ ಬರುತ್ತೇನೆ.